ಕೆಡವಿದವರು, ಕೆಡವಿಸಿದವರು: ತೆಂಗಿನ ಸೀಮೆಯ ಆಡುಮಾತಿನಲ್ಲಿ ಪ್ರೇರಣಾರ್ಥಕ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳಲ್ಲಿ ತೆಂಗಿನಕಾಯಿ ನೆಲಕ್ಕೆ ಬರುವ ಸಂಗತಿಯನ್ನು ಹೇಳಲು ಒಂದೇ ಕ್ರಿಯಾಪದ ಸಾಲದು. ಬಲಿತ ಕಾಯಿ ತಾನಾಗಿ 'ಬೀಳುತ್ತದೆ'. ದೋಟಿ ಹಿಡಿದವನು ಅದನ್ನು 'ಕೆಡವುತ್ತಾನೆ'. ತೋಟದ ಒಡೆಯನು ಆಳಿನ ಕೈಲಿ 'ಕೆಡವಿಸುತ್ತಾನೆ'. ಹೊತ್ತು ತರುವಾಗ ಎಚ್ಚರ ತಪ್ಪಿದವನು 'ಬೀಳಿಸಿದ' ಎನಿಸಿಕೊಳ್ಳುತ್ತಾನೆ. ನಾಲ್ಕರಲ್ಲಿಯೂ ಕಾಯಿ ನೆಲ ಮುಟ್ಟಿದೆ. ಅದರ ಹೊಣೆ ಯಾರದು, ದುಡಿಮೆ ಯಾರದು ಎಂಬುದನ್ನು ಮಾತ್ರ ಕ್ರಿಯಾರೂಪವೇ ತೀರ್ಮಾನಿಸುತ್ತದೆ.

ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಇಂದಿನ ಶಾಲಾ ವ್ಯಾಕರಣಗಳವರೆಗೆ ಕನ್ನಡದ ಪ್ರೇರಣಾರ್ಥಕ ಎಂದೊಡನೆ ಮುಂದೆ ಬರುವುದು 'ಇಸು' ಪ್ರತ್ಯಯ. ಅದನ್ನು ವಿವರಿಸುವ ಪರಿಭಾಷೆ ಸಂಸ್ಕೃತದ್ದು. ಕರ್ತೃವನ್ನು ಕಾರ್ಯಕ್ಕೆ ತೊಡಗಿಸುವವನನ್ನು ಪಾಣಿನಿ ಹೇತುವೆಂದೂ ಕರ್ತೃವೆಂದೂ ಕರೆದನು. ಪ್ರೇರಿಸುವವನು ಪ್ರಯೋಜಕ, ಪ್ರೇರಿತನಾಗಿ ಕೆಲಸ ಮಾಡುವವನು ಪ್ರಯೋಜ್ಯ. ಕನ್ನಡ ವ್ಯಾಕರಣವು ಎರವಲು ಚೌಕಟ್ಟಿನಲ್ಲಿ ನಿಂತಿದೆಯೆಂದು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಕೃತಿಯಲ್ಲಿ ವಾದಿಸಿದರು. ಆ ಆಕ್ಷೇಪ ಒಟ್ಟಿನಲ್ಲಿ ಒಪ್ಪತಕ್ಕದ್ದೇ ಆದರೂ, ಪ್ರಯೋಜಕ–ಪ್ರಯೋಜ್ಯ ಎಂಬ ಈ ಜೋಡಿಯನ್ನು ಕೈಬಿಡುವ ಅಗತ್ಯವಿಲ್ಲ. ಕೂಲಿ ಸಂಬಂಧವನ್ನು ಇದಕ್ಕಿಂತ ನಿಚ್ಚಳವಾಗಿ ಹೆಸರಿಸುವ ಪದಗಳು ಸುಲಭವಾಗಿ ದೊರೆಯಲಾರವು.

ಕೊರತೆಯಿರುವುದು ಪರಿಭಾಷೆಗಿಂತ ಹೆಚ್ಚಾಗಿ ಉದಾಹರಣೆಗಳ ಆಯ್ಕೆಯಲ್ಲಿ. 'ಮಾಡು–ಮಾಡಿಸು' ಎಂಬ ಜೋಡಿಯನ್ನೇ ಮುಂದಿಟ್ಟರೆ 'ಕೆಡವು' ಕಣ್ಣಿಗೆ ಬೀಳುವುದಿಲ್ಲ. ಇದು 'ಬೀಳು' ಎಂಬರ್ಥದ ಹಳಗನ್ನಡದ 'ಕೆಡೆ' ಧಾತುವಿನಿಂದ ಬಂದ 'ಕೆಡಪು', 'ಕೆಡಹು' ರೂಪಗಳ ಮುಂದುವರಿಕೆ. ಅಂದರೆ 'ಇಸು'ವಿನ ನೆರವಿಲ್ಲದ ಹಳೆಯ ಪ್ರೇರಣಾರ್ಥಕ. 'ಕೆಡೆ' ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾದ ಮೇಲೆ ಅದರ ಮಗಳಾದ 'ಕೆಡವು' ಸಾಮಾನ್ಯ ಸಕರ್ಮಕವಾಗಿ ನಿಂತು, ಮತ್ತೊಮ್ಮೆ 'ಇಸು' ಹಚ್ಚಿಸಿಕೊಂಡು 'ಕೆಡವಿಸು' ಆಯಿತು. 'ಕನ್ನಡ ಮಧ್ಯಮ ವ್ಯಾಕರಣ'ವನ್ನು ಬರೆದ ತೀ.ನಂ. ಶ್ರೀಕಂಠಯ್ಯನವರು (ಜನನ 1906) ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೆಂಬುದನ್ನು ಇಲ್ಲಿ ನೆನೆಯಬಹುದು.

ಈ ಸೀಮೆಯ ದುಡಿಮೆಯ ಮಾತನ್ನು ಜಾಲಾಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಕೀಳು, ಸುಲಿ, ಒಡೆ ಇವು ಸಕರ್ಮಕ ಧಾತುಗಳು. 'ಇಸು' ಸೇರಿದೊಡನೆ ಕೀಳಿಸು, ಸುಲಿಸು, ಒಡೆಸು ಎಂದಾಗಿ ಇನ್ನೊಬ್ಬರ ಕೈ ಕೆಲಸ ಮಾಡಿತೆಂದು ಸ್ಪಷ್ಟವಾಗುತ್ತದೆ. ಏರು, ಇಳಿ, ಒಣಗು ಇವು ಅಕರ್ಮಕಗಳು. ಇವುಗಳಲ್ಲಿ 'ಇಸು' ಸಕರ್ಮಕವನ್ನು ಕಟ್ಟುವುದರಲ್ಲಿಯೇ ತೀರಿಹೋಗುತ್ತದೆ. 'ಏರಿಸಿಸು', 'ಒಣಗಿಸಿಸು' ಎಂದು ಯಾರೂ ಆಡುವುದಿಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ, ಸುಮಾರು 10ರಿಂದ 12 ತಿಂಗಳು ಬಿಟ್ಟು, ಒಳಗಿನ ತಿರುಳು ಚಿಪ್ಪು ಬಿಟ್ಟು ಕುಲುಕಿದರೆ ಸದ್ದಾಗುವ ಹದಕ್ಕೆ ಇಳಿಸಿಕೊಳ್ಳುತ್ತಾರೆ. 'ಈ ಸಲದ ಕಾಯಿಯನ್ನೆಲ್ಲ ಅಟ್ಟಕ್ಕೆ ಏರಿಸಿದೆ, ಒಣಗಿಸಿದೆ' ಎಂದು ಒಡೆಯನು ಹೇಳಿದರೆ, ಹೊತ್ತವನು ಅವನೋ ಕೂಲಿಯವನೋ ವ್ಯಾಕರಣ ಹೇಳಲಾರದು. ಮರದ ಕೆಳಗೆ ಮತ್ತು ಸುಲಿಯುವ ಕಣದಲ್ಲಿ ಗುರುತು ಉಳಿಸಿಕೊಂಡ ಆಳು ಅಟ್ಟದ ಏಣಿಯ ಬಳಿ ಕ್ರಿಯಾಪದದಿಂದ ಮಾಯವಾಗುತ್ತಾನೆ. ಒಡೆಯನು 'ಕೀಳಿಸಿದೆವು' ಎನ್ನುವ ಬದಲು 'ಕಿತ್ತೆವು' ಎಂದುಬಿಡುವುದೂ ಉಂಟು. ಅದು ಆಡುವವನ ಆಯ್ಕೆ. ಅಟ್ಟದ ವಿಷಯದಲ್ಲಿ ಆ ಆಯ್ಕೆಯೇ ಇಲ್ಲ. ಶಾಸನಗಳು ಈ ಬಗೆಗೆ ಹೆಚ್ಚು ಕಟ್ಟುನಿಟ್ಟು: ಗುಡಿಯ ದಾನಿ ಯಾವಾಗಲೂ 'ಮಾಡಿಸಿದ'ವನು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಹೊಯ್ಸಳ ಗುಡಿಯಲ್ಲಿ ಕೆತ್ತಿದ ಹೊನ್ನೋಜನ ಹೆಸರೂ ಉಳಿದಿದೆ.

ಕ್ರಿಯಾಪದ ಕೈಬಿಟ್ಟಲ್ಲಿ ಆಳನ್ನು ಉಳಿಸುವುದು 'ಕೈಲಿ' ಎಂಬ ಒಂದೇ ಪದ. 'ಆಳಿನ ಕೈಲಿ ಏರಿಸಿದೆ' ಎಂದಾಗ ದುಡಿದ ಕೈ ಮತ್ತೆ ಕಾಣುತ್ತದೆ. ಜನಪದ ಪಠ್ಯಗಳ ಸಂಪಾದನೆಯ ಮೇಲಿನ ಗಂಭೀರ ಆಕ್ಷೇಪ ಇಲ್ಲಿಯೇ ಹುಟ್ಟುತ್ತದೆ. ಕಥನವನ್ನು ಗ್ರಾಂಥಿಕಕ್ಕೆ ತಿದ್ದುವ ಭರದಲ್ಲಿ 'ಆಳಿನ ಕೈಲಿ' ಎಂಬುದು 'ಆಳಿನಿಂದ' ಎಂದಾಗುತ್ತದೆ. ಆದರೆ 'ಇಂದ' ಕಾರಣವನ್ನೂ ಹೇಳುವ ಪ್ರತ್ಯಯ. 'ಮಳೆಯಿಂದ ಕೊಬ್ಬರಿ ಕೆಟ್ಟಿತು' ಎಂಬಲ್ಲಿ ಮಳೆ ದೂಷಿತ. 'ಆಳಿನಿಂದ ಕೆಟ್ಟಿತು' ಎಂಬಲ್ಲಿ ಆಳು ದೂಷಿತ. 'ಕೈಲಿ'ಗೆ ಆ ದೋಷಾರೋಪಣೆಯ ಛಾಯೆಯಿಲ್ಲ. ಅದರ ಇನ್ನೊಂದು ಬಳಕೆ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು: 'ನನ್ನ ಕೈಲಿ ಆಗೋದಿಲ್ಲ' ಎನ್ನುವಾಗಿನದು. ಸಂಪಾದಕನ ಒಂದು ತಿದ್ದುಪಡಿಯಿಂದ ಬಲ್ಲವನ ಕೈ ಹೋಗಿ ಕಾರಣದ ನೆರಳು ಬರುತ್ತದೆ. ಆಡುಮಾತಿನಲ್ಲಿ 'ಇಸು'ವಿನ ಇಕಾರ ಸವೆದು 'ಕೀಳ್ಸಿದ್ವಿ' ಎಂದು ಬರಿಯ ಸಕಾರ ಉಳಿಯುವುದರಿಂದ, ಧ್ವನಿಮುದ್ರಣವನ್ನು ಬರಹಕ್ಕಿಳಿಸುವವರು ಆ ಒಂದಕ್ಷರವನ್ನು ತಪ್ಪಿಸಿಕೊಂಡರೂ ಕೂಲಿಯವನು ಕಥೆಯಿಂದ ಹೊರಗುಳಿಯುತ್ತಾನೆ.

ಕನ್ನಡ ಮಾತಾಡುವ ಮೂರು ವರ್ಷದ ಆಸುಪಾಸಿನ ಮಕ್ಕಳನ್ನು ಕುರಿತು ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಪ್ರಸ್ತುತ. ಪ್ರೇರಣೆಯ ಅರ್ಥವನ್ನು ಗ್ರಹಿಸಲು ಆ ಮಕ್ಕಳು 'ಇಸು'ವಿಗಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿದ್ದರು. ಎಳೆಯ ಕಿವಿ ಮೊದಲು ಎಣಿಸುವುದು ವಾಕ್ಯದಲ್ಲಿ ಪಾಲುಗೊಂಡವರನ್ನು. ವಾಕ್ಯದಿಂದಲೇ ಕೈಬಿಟ್ಟವನು ಆ ಎಣಿಕೆಗೆ ಸಿಗಲಾರ.

ಎಣಿಕೆ ಎಲ್ಲ ಕಡೆಯೂ ದುಡಿಮೆಯ ಲೆಕ್ಕವಾಗಿರುವುದಿಲ್ಲ. ಜಾತ್ರೆಯಲ್ಲಿ ಹೆಗಲ ಮೇಲೆ ಹೊತ್ತ ದೇವರು ಹಿಂದಕ್ಕೂ ಮುಂದಕ್ಕೂ ತೂಗಾಡುವುದನ್ನು ಕಂಡು ಭಕ್ತರು 'ದೇವರು ಕುಣಿಯಿತು' ಎನ್ನುತ್ತಾರೆ. ಹೊರಗಿನ ವರದಿಗಾರ 'ದೇವರನ್ನು ಕುಣಿಸಿದರು' ಎಂದು ಬರೆಯುತ್ತಾನೆ. ಇಲ್ಲಿ 'ಇಸು' ಹಚ್ಚುವುದೆಂದರೆ ದೇವರ ಚಲನೆಯನ್ನು ಹೊತ್ತವರ ಹೆಗಲಿಗೆ ವರ್ಗಾಯಿಸುವುದು. ತೋಟದಲ್ಲಿ ಪ್ರತ್ಯಯ ಬಿಟ್ಟರೆ ಆಳಿಗೆ ಅನ್ಯಾಯ. ಜಾತ್ರೆಯಲ್ಲಿ ಪ್ರತ್ಯಯ ಸೇರಿಸಿದರೆ, ಹೊತ್ತವರು ತಾವು ಮಾಡಿದ್ದೆಂದು ಹೇಳಿಕೊಳ್ಳದ ಕೆಲಸಕ್ಕೆ ಅವರನ್ನೇ ಕರ್ತೃಗಳನ್ನಾಗಿಸಿದಂತೆ.