ಬಿಜಲಿ ಬಿದ್ದ ಗೂಡು

ಉರ್ದು ಗಜಲ್ ಓದುವವರಿಗೆ ಬಿಜಲಿ ಎಂಬ ಮಾತು ಚೆನ್ನಾಗಿ ಗೊತ್ತು. ಅಲ್ಲಿ ಅದು ಸಿಡಿಲು. ಬೀಳುವುದು ಹಕ್ಕಿಯ ಗೂಡಿನ ಮೇಲೆ, ಇಲ್ಲವೇ ಕಣದಲ್ಲಿ ಒಟ್ಟಿದ ರಾಶಿಯ ಮೇಲೆ. ಅದೇ ಮಾತನ್ನು ನಮ್ಮ ಮನೆಗಳಲ್ಲಿ ಕರೆಂಟಿಗೂ ಬಳಸುತ್ತೇವೆ. ಕನ್ನಡದ ವಿದ್ಯುತ್ತಿಗೂ ಮೂಲದಲ್ಲಿ ಮಿಂಚು ಎಂದೇ ಅರ್ಥ. ಕರೆಂಟು ಯಾವುದರಿಂದ ತಯಾರಾದರೆ ಒಳ್ಳೆಯದು ಎಂಬ ಚರ್ಚೆ ಬಂದಾಗಲೆಲ್ಲ ಮೆಗಾವಾಟ್, ಯೂನಿಟ್ಟಿನ ದರ, ಇಂಗಾಲ ಇವುಗಳ ಲೆಕ್ಕ ನಡೆಯುತ್ತದೆ. ಅದು ಬೇಕಾದ ಲೆಕ್ಕವೇ. ಆದರೆ ಯಾರ ಗೂಡು, ಯಾರ ರಾಶಿ ಎಂದು ಕೇಳುವ ಕೆಲಸ ಸಾಹಿತ್ಯದ್ದು. ಕನ್ನಡ ಸಾಹಿತ್ಯ ಇದನ್ನು ನೀರಿನ ವಿಷಯದಲ್ಲಿ ಗಟ್ಟಿಯಾಗಿ ಕೇಳಿದೆ. ಬೂದಿ ಮತ್ತು ಬಿಸಿಲಿನ ವಿಷಯದಲ್ಲಿ ಅದರ ದನಿ ತೀರಾ ಸಣ್ಣದು ಎಂಬುದು ನಮ್ಮ ತಕರಾರು.

ನೀರಿನ ಕಥೆ ಹೇಳಿದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದುಕೊಂಡೇ ಅಣೆಕಟ್ಟಿನ ಊರುಗಳನ್ನು ಕಂಡವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ 1035 ಮೆಗಾವಾಟ್ ವಿದ್ಯುತ್ ನಾಡಿನ ಕಾರ್ಖಾನೆಗಳನ್ನು ದಶಕಗಳ ಕಾಲ ನಡೆಸಿತು. ಆ ಹೆಮ್ಮೆಯ ಅಡಿಯಲ್ಲಿ ಮುಳುಗಿದ್ದೇನು ಎಂಬುದನ್ನು ‘ಮುಳುಗಡೆ’ ಮತ್ತು ‘ದ್ವೀಪ’ ಬರೆದಿಟ್ಟವು. ‘ದ್ವೀಪ’ವನ್ನು 2002ರಲ್ಲಿ ಗಿರೀಶ ಕಾಸರವಳ್ಳಿ ತೆರೆಗೆ ತಂದಾಗ ನಾಗಿಯ ಪಾತ್ರ ಇನ್ನಷ್ಟು ಬೆಳೆಯಿತು. ಏರುವ ನೀರಿನ ನಡುವೆ ಮನೆ ಉಳಿಸಿದ್ದು ಅವಳ ದುಡಿಮೆ. ಗಂಡನಿಗೆ ಅದು ದೇವರ ಕೃಪೆಯಾಗಿ ಕಾಣುತ್ತದೆ. ಯೋಜನೆಯ ಕಡತದಲ್ಲೂ, ಮನೆಯೊಳಗೂ ಅವಳು ಲೆಕ್ಕಕ್ಕಿಲ್ಲ. ಈ ಎರಡನ್ನೂ ಒಟ್ಟಿಗೆ ಕಾಣಿಸಿದ್ದೇ ಆ ಚಿತ್ರದ ದೊಡ್ಡತನ ಎಂದು ನಾವು ಭಾವಿಸುತ್ತೇವೆ.

ಇಂಗಾಲದ ಲೆಕ್ಕಕ್ಕೆ ಬನ್ನಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜಿನಂತೆ, ಸ್ಥಾವರ ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ಸೇರಿಸಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ 820 ಗ್ರಾಂ, ದೊಡ್ಡ ಸೌರ ಸ್ಥಾವರದಿಂದ 48, ನೀರಿನಿಂದ 24, ಅಣುವಿನಿಂದ 12, ಗಾಳಿಯಿಂದ 11 ಗ್ರಾಂ ಇಂಗಾಲಾನಿಲಕ್ಕೆ ಸಮನಾದ ಹೊರೆ ಬೀಳುತ್ತದೆ. ಈ ಪಟ್ಟಿಯಲ್ಲಿ ಶರಾವತಿ ಹೆಚ್ಚುಕಡಿಮೆ ನಿರ್ದೋಷಿ. ಆದರೆ ಅಲ್ಲಿಂದ ಎದ್ದುಹೋದವರಲ್ಲಿ ಅನೇಕರಿಗೆ ಕೊಟ್ಟ ಜಮೀನು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದು, ಮೊಮ್ಮಕ್ಕಳ ಕಾಲದಲ್ಲೂ ಹಕ್ಕುಪತ್ರಕ್ಕಾಗಿ ಅಲೆದಾಟ ನಿಂತಿಲ್ಲ. ಹಿನ್ನೀರಿನ ಆಚೆ ಉಳಿದವರು ಲಾಂಚಿಗಾಗಿ ಕಾಯುತ್ತಲೇ ಇದ್ದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದಕ್ಕೆ ಆರು ತಿಂಗಳ ಹಿಂದೆ ಡಿಸೋಜ ತೀರಿಕೊಂಡಿದ್ದರು.

ಕಲ್ಲಿದ್ದಲಿನದು ಪಟ್ಟಿಯಲ್ಲೂ ಕೆಟ್ಟ ಹೆಸರು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲೇ ಇಲ್ಲ. ಆದರೂ 1985ರಿಂದ ರಾಯಚೂರಿನ ಶಕ್ತಿನಗರಕ್ಕೆ ಅದು ರೈಲಿನಲ್ಲಿ ಬರುತ್ತಿದೆ. 1720 ಮೆಗಾವಾಟಿನ ಸ್ಥಾವರ ಅದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿಯೇ ಇರುವುದರಿಂದ ಸುಟ್ಟಷ್ಟೂ ಬೂದಿ ರಾಶಿಬೀಳುತ್ತದೆ. ಒಂದಿಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ, ಮಿಕ್ಕಿದ್ದು ಹೊಂಡಕ್ಕೆ. ಇಲ್ಲಿಂದ ಒಂದು ‘ಮುಳುಗಡೆ’ ಯಾಕೆ ಹುಟ್ಟಲಿಲ್ಲ? ಮುಳುಗುವುದು ಒಂದು ಘಟನೆ, ಅದಕ್ಕೊಂದು ದಿನಾಂಕವಿದೆ. ಬೂದಿಗೆ ದಿನಾಂಕವಿಲ್ಲ. ಒಣಹಾಕಿದ ಬಟ್ಟೆಯ ಮೇಲೆ, ರೊಟ್ಟಿಹಿಟ್ಟಿನ ಮೇಲೆ ಅದು ದಿನಾ ಕೂರುತ್ತದೆ, ಕಥೆಗೆ ಬೇಕಾದ ತಿರುವು ಕೊಡುವುದಿಲ್ಲ. ಇನ್ನೊಂದು ಕಾರಣವೂ ಇದ್ದೀತು. ಮಲೆನಾಡು ಕಳೆದುಕೊಂಡ ಅಡಿಕೆ ತೋಟಕ್ಕೆ ಅಳುವ ಓದುಗರಿದ್ದರು. ಉರ್ದು, ತೆಲುಗು, ಕನ್ನಡ ಬೆರೆಸಿ ಮಾತಾಡುವ ಗುತ್ತಿಗೆ ಕೂಲಿಯವನ ಕೆಮ್ಮಿಗೆ ಸಾಹಿತ್ಯದ ಸಭೆಯಲ್ಲಿ ಕುರ್ಚಿ ಸಿಕ್ಕುವುದು ಕಷ್ಟ.

ಕೈಗಾದ ಮಾತು ಬೇರೆ. ಅಲ್ಲಿ ಶಿವರಾಮ ಕಾರಂತರೇ ಎದ್ದು ನಿಂತರು, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿದರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಂದು ಭಾಗ ಕುಸಿದಾಗ ಆತಂಕಕ್ಕೆ ಆಧಾರ ಸಿಕ್ಕಂತಾಯಿತು. ಅದೇ ಕೈಗಾದ ಒಂದು ಘಟಕ 2018ರ ಡಿಸೆಂಬರ್‌ವರೆಗೆ 962 ದಿನ ಎಡೆಬಿಡದೆ ನಡೆದದ್ದೂ ನಿಜ. ಎರಡನ್ನೂ ಒಪ್ಪಿಕೊಂಡೇ ವಾದಿಸಬೇಕು. ಉರಿದ ಇಂಧನ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಉಳಿಯುತ್ತದೆಯೆಂಬುದು ಮಾತ್ರ ಯಾವ ದಾಖಲೆಯಿಂದಲೂ ಅಳಿಯದು.

ಈಗಿನ ಕಥೆ ಪಾವಗಡದಲ್ಲಿದೆ. ತಿರುಮಣಿಯ ಸುತ್ತಲಿನ 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ಫಲಕಗಳು. ರಾತ್ರಿಯೂ ಮೋಡವೂ ಇರುವುದರಿಂದ ವರ್ಷದ ಸರಾಸರಿಯಲ್ಲಿ ಸಿಕ್ಕುವುದು ಇದರ ಐದನೆಯ ಒಂದು ಭಾಗದಷ್ಟು. ಹಾಗಾಗಿ 880 ಮೆಗಾವಾಟಿನ ಕೈಗಾ ಇದಕ್ಕಿಂತ ಹೆಚ್ಚು ಯೂನಿಟ್ ಕೊಡಬಲ್ಲದು; ಜಾಹೀರಾತು ಓದುವಾಗ ಇದು ನೆನಪಿರಲಿ. ಜಮೀನನ್ನು ಇಲ್ಲಿ ಕಿತ್ತುಕೊಳ್ಳಲಿಲ್ಲ, ಬಾಡಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಟ್ಟು ಶೇಂಗಾ ಒಣಗುವುದನ್ನೇ ಕಂಡ ರೈತನಿಗೆ ಇದು ಸಣ್ಣ ಮಾತಲ್ಲ, ಲಿಂಗನಮಕ್ಕಿಗಿಂತ ಎಷ್ಟೋ ಮೇಲು. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಕುರಿ ಮೇಯಿಸುತ್ತಿದ್ದವನಿಗೆ ಪಹಣಿಯೇ ಇಲ್ಲ. ಬೇಲಿಯೊಳಗೆ ಹುಲ್ಲು ಕೊಯ್ಯುವ, ಫಲಕ ಒರೆಸುವ ಕೆಲಸ ಸಿಕ್ಕರೆ ಅವರ ಪುಣ್ಯ. ಇವಳೂ ಒಬ್ಬ ನಾಗಿ. ಇವಳ ಸುತ್ತ ಏರಿದ್ದು ನೀರಲ್ಲ, ಗಾಜು.

ಬಿಸಿಲು ಸಂಜೆಗೆ ಮುಗಿಯುತ್ತದೆ, ಊರಿಗೆ ದೀಪ ಬೇಕಾಗುವುದು ಆಗಲೇ. ಅದಕ್ಕೆ ಸರ್ಕಾರ ಮುಂದಿಟ್ಟಿರುವ ದಾರಿಗಳಲ್ಲೊಂದು, ವಿದ್ಯುತ್ ಹೇರಳವಾಗಿರುವ ಹಗಲಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಡುವ 2000 ಮೆಗಾವಾಟಿನ ಯೋಜನೆ. ಎತ್ತಲು ಬಳಸಿದ ವಿದ್ಯುತ್ತಿನಲ್ಲಿ ಐದನೆಯ ಒಂದು ಪಾಲಾದರೂ ಹೀಗೆ ಸೋರಿಹೋಗುತ್ತದೆ. ಸುರಂಗ ಹಾಯುವುದು ಸಿಂಗಳೀಕಗಳ ಕಾಡಿನಲ್ಲಿ, ಅದೇ ಶರಾವತಿಯ ಕಣಿವೆಯಲ್ಲಿ. ಹೊಸ ‘ಮುಳುಗಡೆ’ ಬರೆಯ ಹೊರಟವರು ಈ ಬಾರಿ ಸಾಗರದಿಂದಲ್ಲ, ತಿರುಮಣಿಯ ಕುರಿಹಟ್ಟಿಯಿಂದ ಶುರುಮಾಡಬೇಕಾದೀತು.