ತಬರ ಕಲಿಸುವ ಚಿತ್ರಕಥೆ

ಮೂಡಿಗೆರೆ, ಕಳಸದ ಕಡೆ ಕ್ಯಾಮೆರಾ ಹಿಡಿದು ಬರುವವರ ಕಣ್ಣಿಗೆ ಮೊದಲು ಬೀಳುವುದು ಮಂಜು, ಮಳೆ, ಕಾಫಿ ಹೂವು. ಇಲ್ಲೇ ಕೂತು ಚಿತ್ರಕಥೆ ಬರೆಯಲು ಕಲಿಯುತ್ತಿರುವ ನಾನು ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ಯನ್ನು (1986) ಮತ್ತೆ ಮತ್ತೆ ನೋಡುವುದು ಬೇರೆಯೇ ಕಾರಣಕ್ಕೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕತೆ ಅದು. ಅದರಲ್ಲಿ ಕಾಫಿಯೇ ಕತೆಯ ಗಂಟು. ಬೆಳೆಗಾರರು ಕಟ್ಟದ ಸುಂಕದ ಬಾಕಿ, ವಸೂಲಿಗೆ ಹೋದ ಬಡ ನೌಕರ ತಬರಶೆಟ್ಟಿಯ ತಲೆಗೆ ಬೀಳುತ್ತದೆ. ಮುಂದೆ ಅವನ ಪಿಂಚಣಿಗೂ ಅದೇ ಅಡ್ಡಿ.

ಕಚೇರಿ ಅಲೆದಾಟವನ್ನು ತೆರೆಗೆ ತರುವುದು ಕಷ್ಟ. ಅದೇ ಬಾಗಿಲು, ಅದೇ ಉತ್ತರ; ನೋಡುವವರಿಗೆ ಬೇಸರ ಬರಬೇಕು. ಇಲ್ಲಿ ಬರುವುದಿಲ್ಲ. ಯಾಕೆಂದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಕಡತ ನಿಂತಲ್ಲೇ ನಿಂತಿದೆ, ಕಾಯಿಲೆ ನಿಲ್ಲುತ್ತಿಲ್ಲ. ಇಡೀ ಚಿತ್ರಕಥೆ ನಡೆಯುವುದು ಈ ಎರಡರ ನಡುವೆ. ಹೀಗಾಗಿ ಹೆಂಡತಿಯ ಕಾಲು ಕತ್ತರಿಸಿಕೊಡು ಎಂದು ತಬರ ಕಟುಕನ ಮುಂದೆ ನಿಂತಾಗ, ಬರಹಗಾರ ಹುಡುಕಿ ತಂದ ತಿರುವು ಎಂದು ಅನ್ನಿಸುವುದೇ ಇಲ್ಲ. ಅವನಿಗೆ ಉಳಿದಿದ್ದ ಬಾಗಿಲು ಅದೊಂದೇ.

ಚಿತ್ರಕ್ಕೆ ಸ್ವರ್ಣಕಮಲ ಬಂತು, ತಬರನಾದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಆ ಮುಖ ನಿಧಾನವಾಗಿ ಕುಸಿಯಲು ಜಾಗ ಮಾಡಿಕೊಟ್ಟ ಬರವಣಿಗೆಯನ್ನೂ ನಾವು ಗಮನಿಸಬೇಕು.

ನಾನೀಗ ಬರೆಯುತ್ತಿರುವುದು ತೋಟದ ಲೈನ್ ಮನೆಯ ಸಂಸಾರವೊಂದರ ಕತೆ. ಪ್ರತಿ ದೃಶ್ಯಕ್ಕೂ ಕೇಳಿಕೊಳ್ಳುವುದು ಇಷ್ಟೇ: ಇಲ್ಲಿ ಯಾವುದು ತಡವಾಗುತ್ತಿದೆ, ಯಾವುದು ಕಾಯಲಾರದು? ಉತ್ತರ ಸಿಗದ ದೃಶ್ಯದಲ್ಲಿ ಮಂಜು ಎಷ್ಟೇ ಚೆಂದವಿದ್ದರೂ ಅದನ್ನು ತೆಗೆದುಹಾಕುತ್ತೇನೆ.