ಪ್ರಣಯಕಥೆಯ ಅಭ್ಯಾಸವೂ ಪ್ರಕಾಶಕರ ಬಾಗಿಲೂ

ಕಾವ್ಯವು ಹುಟ್ಟುವುದಕ್ಕೆ ಕಾರಣವೇನೆಂಬ ಪ್ರಶ್ನೆಯನ್ನೆತ್ತಿಕೊಂಡು ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಮೂರು ಅಂಶಗಳನ್ನು ಹೇಳಿದ್ದಾನೆ: ಹುಟ್ಟಿನೊಡನೆ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಗಳನ್ನೂ ಪೂರ್ವಕಾವ್ಯಗಳನ್ನೂ ನೋಡಿದುದರಿಂದ ಬಂದ ನಿಪುಣತೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ನಡೆದ ಅಭ್ಯಾಸ. ಇವು ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ಅವನ ಸಿದ್ಧಾಂತ. ಮಹಾಕಾವ್ಯಕ್ಕೆ ಈ ಮಾತು ಸಲ್ಲುವುದೆಂದು ಎಲ್ಲರೂ ಒಪ್ಪುವರು. ಪ್ರಣಯ ಕಾದಂಬರಿಯ ಮಾತು ಬಂದೊಡನೆ ಮಾತ್ರ ಅಭಿಪ್ರಾಯಗಳು ಬೇರೆಯಾಗುತ್ತವೆ. ಒಬ್ಬ ನಾಯಕ, ಒಬ್ಬಳು ನಾಯಿಕೆ, ನಡುವೆ ಒಂದು ಅಡ್ಡಿ, ಕೊನೆಗೊಂದು ಮದುವೆ; ಇದಕ್ಕೆ ಅಭ್ಯಾಸವೇಕೆ ಎಂದು ಕೆಲವರು ಕೇಳುತ್ತಾರೆ. ಇದಕ್ಕೊಂದು ಪಾಕಕ್ರಮವುಂಟು, ಅದನ್ನು ಕಲಿತರೆ ಪ್ರಕಾಶಕರು ತಾವಾಗಿಯೇ ಬಾಗಿಲು ತೆರೆಯುವರು ಎಂದು ಮತ್ತೆ ಕೆಲವರು ನಂಬುತ್ತಾರೆ. ಮೊದಲಿನವರು ಅಭ್ಯಾಸವನ್ನು ಅಲ್ಲಗಳೆಯುತ್ತಾರೆ, ಎರಡನೆಯವರು ಶಕ್ತಿಯನ್ನು ಅಲ್ಲಗಳೆಯುತ್ತಾರೆ. ಇಬ್ಬರಿಗೂ ಉತ್ತರವಾಗಬಲ್ಲ ಒಂದು ಜೀವಿತ ಆಂಗ್ಲ ಸಾಹಿತ್ಯದಲ್ಲಿದೆ. ಅದು ಜೇನ್ ಆಸ್ಟೆನ್‌ಳದು. ಪ್ರಣಯಕಥೆಯನ್ನು ಕಲಿತವಳು, ಅದನ್ನು ಹೊತ್ತು ಪ್ರಕಾಶಕರ ಬಾಗಿಲಲ್ಲಿ ಕಾದವಳು, ಅದನ್ನು ಇನ್ನೊಬ್ಬರಿಗೆ ಕಲಿಸಿದವಳು ಆಕೆ. ಈ ಮೂರು ಅವಸ್ಥೆಗಳಿಗೂ ಸಾಕ್ಷ್ಯವು ಉಳಿದುಬಂದಿದೆ.

ಆಕೆಯ ಅಭ್ಯಾಸವು ನಗೆಯಿಂದ ಮೊದಲಾಯಿತು. ಹ್ಯಾಂಪ್‌ಷೈರ್ ಪ್ರಾಂತದ ಸ್ಟೀವನ್‌ಟನ್ ಗ್ರಾಮದ ಪಾದ್ರಿಯ ಮಗಳಾಗಿ ೧೭೭೫ರಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲೇ ಮೂರು ಪುಸ್ತಕಗಳ ತುಂಬ ಕಥೆಗಳನ್ನು ಬರೆದಿಟ್ಟಳು. ಹದಿನಾಲ್ಕನೆಯ ವಯಸ್ಸಿನಲ್ಲಿ, ೧೭೯೦ರಲ್ಲಿ, ಬರೆದ 'ಲವ್ ಅಂಡ್ ಫ್ರೆಂಡ್‌ಶಿಪ್' ಎಂಬ ಪತ್ರರೂಪದ ಕಥೆಯಲ್ಲಿ ನಾಯಿಕೆಯರು ಸರದಿಯ ಮೇಲೆ ಮೂರ್ಛೆಹೋಗುತ್ತಾರೆ. ನೋಡಿದ ಕ್ಷಣದಲ್ಲಿ ಪ್ರೇಮ, ಮರುಕ್ಷಣದಲ್ಲಿ ವಿವಾಹ. ಆ ಕಾಲದ ಮನೆಗಳಲ್ಲಿ ಓದುತ್ತಿದ್ದ ಪ್ರಣಯಕಥೆಗಳ ಅಪಹಾಸ್ಯವಿದು. ಅಪಹಾಸ್ಯ ಮಾಡಬೇಕಾದರೆ ವಸ್ತುವಿನ ಕೀಲುಗಳನ್ನೆಲ್ಲ ಬಲ್ಲವರಾಗಿರಬೇಕು. ಕೀಲು ಕಿರುಗುಟ್ಟುವುದೆಲ್ಲಿ, ಕಂಬನಿ ಅಗ್ಗವಾಗುವುದೆಲ್ಲಿ ಎಂಬುದನ್ನು ಈ ಹುಡುಗಿ ಬಹುಬೇಗ ಕಂಡುಕೊಂಡಳು. ಪೂರ್ವಕೃತಿಗಳನ್ನು ನೋಡಿ ಬರುವ ನಿಪುಣತೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದುರ್ಲಭ.

ಇಪ್ಪತ್ತೊಂದನೆಯ ವಯಸ್ಸಿಗೆ 'ಫಸ್ಟ್ ಇಂಪ್ರೆಷನ್ಸ್' ಎಂಬ ಕಾದಂಬರಿಯು ಮುಗಿದಿತ್ತು. ೧೭೯೭ರ ನವೆಂಬರ್ ೧ರಂದು ತಂದೆ ಜಾರ್ಜ್ ಆಸ್ಟೆನ್ ಲಂಡನ್ನಿನ ಪ್ರಸಿದ್ಧ ಪ್ರಕಾಶಕನಾದ ಕ್ಯಾಡೆಲ್ಲನಿಗೆ ಪತ್ರ ಬರೆದನು. ಮೂರು ಸಂಪುಟಗಳ ಕಾದಂಬರಿಯೊಂದು ತನ್ನಲ್ಲಿದೆಯೆಂದೂ, ಅದು ಫ್ಯಾನಿ ಬರ್ನಿಯ 'ಎವೆಲೀನ'ದಷ್ಟು ದೊಡ್ಡದೆಂದೂ ತಿಳಿಸಿ, ಗ್ರಂಥಕರ್ತರ ಹೊಣೆಯಲ್ಲಿ ಅಚ್ಚುಹಾಕಿದರೆ ವೆಚ್ಚವೆಷ್ಟು, ಹಕ್ಕನ್ನು ಕೊಂಡರೆ ಕೊಡುವ ಹಣವೆಷ್ಟು ಎಂದು ಕೇಳಿದನು. ಮರುಟಪಾಲಿನಲ್ಲಿಯೇ ನಿರಾಕರಣ ಬಂದಿತು. ಹಸ್ತಪ್ರತಿಯನ್ನು ಕಳುಹಿಸೆಂಬ ಮಾತೂ ಇರಲಿಲ್ಲ. ಈ ಕಾದಂಬರಿಯೇ ೧೮೧೩ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಆಗಿ ಪ್ರಕಟವಾಯಿತು.

ಕ್ಯಾಡೆಲ್ಲನನ್ನು ನೋಡಿ ನಗುವುದು ಅಂದಿನಿಂದಲೂ ಸಂಪ್ರದಾಯವಾಗಿದೆ. ಆದರೆ ಈ ನಗೆ ಅವಸರದ್ದು. ಅವನು ಬೇಡವೆಂದುದು ಇಂದು ಜಗತ್ತು ಓದುತ್ತಿರುವ ಗ್ರಂಥವನ್ನಲ್ಲ. ನಡುವಣ ವರ್ಷಗಳಲ್ಲಿ ಆಕೆ ಅದನ್ನು ಕತ್ತರಿಸಿ, ಕಡಮೆ ಮಾಡಿ, ತಿದ್ದಿದಳು. ಮೊದಲಿನ ಪ್ರತಿಯು ಉಳಿದೇ ಇಲ್ಲ. ೨೦೦೭ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬರು ಆಕೆಯ ಕಾದಂಬರಿಗಳ ಆರಂಭದ ಅಧ್ಯಾಯಗಳನ್ನು ಹೆಸರುಗಳನ್ನು ಮಾತ್ರ ಬದಲಿಸಿ ಪ್ರಕಾಶಕರಿಗೂ ಮಧ್ಯವರ್ತಿಗಳಿಗೂ ಕಳುಹಿಸಿದರು. ಎಲ್ಲೆಡೆಯಿಂದಲೂ ನಿರಾಕರಣವೇ ಬಂದಿತು, ಗುರುತು ಹಿಡಿದವನು ಒಬ್ಬನೇ. ಇದನ್ನೂ ಪ್ರಕಾಶಕರ ಅಜ್ಞಾನಕ್ಕೆ ಪ್ರಮಾಣವೆಂದು ಹೇಳುವುದುಂಟು. ಆದರೆ ಇನ್ನೂರು ವರ್ಷ ಹಿಂದಿನ ಗದ್ಯದಲ್ಲಿ ಇಂದು ಹೊಸ ಕಥೆಯೊಂದು ಬಂದರೆ ಬೇಡವೆನ್ನುವುದು ದೊಡ್ಡ ಅಪರಾಧವೇನೂ ಅಲ್ಲ. ನಿರಾಕರಣವು ಕೃತಿಯ ಮೇಲೆ ಕೊಟ್ಟ ತೀರ್ಪೆಂದು ಭಾವಿಸುವುದೇ ಮೂಲದೋಷ. ಬಹುಮಟ್ಟಿಗೆ ಅದು ಆ ಅಂಗಡಿಯ, ಆ ಹೊತ್ತಿನ ಲೆಕ್ಕಾಚಾರ ಮಾತ್ರ.

ಎರಡನೆಯ ಅನುಭವವು ಇನ್ನೂ ಕಹಿಯಾದುದು. 'ಸೂಸನ್' ಎಂಬ ಕಾದಂಬರಿಯನ್ನು ೧೮೦೩ರಲ್ಲಿ ಕ್ರಾಸ್‌ಬಿ ಎಂಬ ಪ್ರಕಾಶಕನು ಹತ್ತು ಪೌಂಡುಗಳಿಗೆ ಕೊಂಡನು. ಜಾಹೀರಾತೂ ಹೊರಟಿತು, ಪುಸ್ತಕ ಮಾತ್ರ ಹೊರಡಲಿಲ್ಲ. ಆರು ವರ್ಷ ಕಾದ ಮೇಲೆ, ೧೮೦೯ರ ಏಪ್ರಿಲ್‌ನಲ್ಲಿ, ಆಕೆ ಕಲ್ಪಿತನಾಮದಿಂದ ಪತ್ರ ಬರೆದಳು: ಪ್ರತಿ ಕಳೆದುಹೋಗಿದ್ದರೆ ಇನ್ನೊಂದನ್ನು ಕೊಡುವೆನು, ಅಚ್ಚುಹಾಕದಿದ್ದರೆ ಬೇರೆಡೆ ಯತ್ನಿಸುವೆನು ಎಂದು. ಪ್ರಕಟಣೆಗೆ ಯಾವ ಕಾಲಮಿತಿಯೂ ಗೊತ್ತಾಗಿರಲಿಲ್ಲ, ಕೊಟ್ಟ ಹತ್ತು ಪೌಂಡನ್ನು ಹಿಂದಿರುಗಿಸಿದರೆ ಪ್ರತಿಯನ್ನು ಪಡೆಯಬಹುದು ಎಂದು ಉತ್ತರ ಬಂದಿತು. ೧೮೧೬ರಲ್ಲಿ ಸೋದರ ಹೆನ್ರಿ ಆ ಹಣವನ್ನು ತೆತ್ತು ಹಸ್ತಪ್ರತಿಯನ್ನು ಬಿಡಿಸಿಕೊಂಡನು. ಮುನ್ನುಡಿಯ ಟಿಪ್ಪಣಿಯೊಂದರಲ್ಲಿ ಆಕೆ, ಕೊಂಡುಕೊಂಡು ಅಚ್ಚುಹಾಕದಿರುವುದರಿಂದ ವ್ಯಾಪಾರಿಗೆ ಬಂದ ಲಾಭವೇನೆಂದು ಬೆರಗುಪಟ್ಟಿದ್ದಾಳೆ. ಹದಿಮೂರು ವರ್ಷಗಳಲ್ಲಿ ಊರುಗಳೂ ನಡವಳಿಕೆಗಳೂ ಪುಸ್ತಕಗಳೂ ಬದಲಾಗಿ ಕಥೆಯ ಕೆಲವು ಭಾಗಗಳು ಹಳತಾದವೆಂದು ವಾಚಕರ ಕ್ಷಮೆಯನ್ನು ಕೋರಿದ್ದಾಳೆ. ನಿರಾಕರಣವು ಒಂದು ದಿನದ ನೋವು. ಅಂಗೀಕರಿಸಿ ಪೆಟ್ಟಿಗೆಯಲ್ಲಿಟ್ಟ ಕೃತಿ ವರ್ಷವರ್ಷವೂ ಮುದಿಯಾಗುತ್ತದೆ. 'ನಾರ್ಥ್ಯಾಂಗರ್ ಅಬೆ' ಎಂಬ ಹೆಸರಿನಿಂದ ಆ ಗ್ರಂಥವು ೧೮೧೭ರ ಡಿಸೆಂಬರಿನಲ್ಲಿ ಹೊರಬಂದಾಗ ಬರೆದವಳು ಬದುಕಿರಲಿಲ್ಲ.

ಕೊನೆಗೆ ಬಾಗಿಲು ತೆರೆದುದು ಆಕೆಯ ಸ್ವಂತ ಹಣದಿಂದಲೇ. ೧೮೧೧ರಲ್ಲಿ ಎಜರ್ಟನ್ ಎಂಬವನು 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯನ್ನು ಗ್ರಂಥಕರ್ತೃವಿನ ನಷ್ಟಹೊಣೆಯ ಮೇಲೆ ಪ್ರಕಟಿಸಿದನು. ನಷ್ಟವಾದೀತೆಂದು ಆಕೆ ತನ್ನ ಅಲ್ಪ ವರಮಾನದಲ್ಲಿ ಹಣವನ್ನು ಕೂಡಿಟ್ಟಿದ್ದಳು. ಬಂದುದು ೧೪೦ ಪೌಂಡುಗಳ ಲಾಭ. ಹೀಗಿರಲು 'ಪ್ರೈಡ್ ಅಂಡ್ ಪ್ರೆಜುಡಿಸ್' ಗ್ರಂಥದ ಹಕ್ಕನ್ನು ೧೫೦ ಪೌಂಡು ಕೇಳಿ ೧೧೦ಕ್ಕೆ ಮಾರಿಬಿಟ್ಟಳು. ಪುಸ್ತಕ ಅದೇ ವರ್ಷ ಎರಡನೆಯ ಸಲ ಅಚ್ಚಾಯಿತು. ಲಾಭ ಎಜರ್ಟನ್ನನ ಪಾಲಾಯಿತು. ಈ ಪಾಠದಿಂದ ಎಚ್ಚತ್ತು, ಮುಂದೆ ಜಾನ್ ಮರ್ರೆ ಮೂರು ಕಾದಂಬರಿಗಳ ಹಕ್ಕಿಗೆ ೪೫೦ ಪೌಂಡು ಕೊಡುವೆನೆಂದಾಗ ಆಕೆ ಒಪ್ಪಲಿಲ್ಲ. ಅಲ್ಲಿ ಎಚ್ಚರವೇ ಸೋತಿತು: 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಎರಡನೆಯ ಮುದ್ರಣದ ನಷ್ಟವು 'ಎಮ್ಮಾ'ದ ಲಾಭವನ್ನು ನುಂಗಿ, ಆಕೆಯ ಜೀವಿತಕಾಲದಲ್ಲಿ ಕೈಸೇರಿದುದು ೩೯ ಪೌಂಡಿಗೂ ಕಡಮೆ. ವ್ಯಾಪಾರದಲ್ಲಿ ಆಕೆಯ ಎಣಿಕೆ ಒಮ್ಮೆ ಕಡಮೆಯಾಯಿತು, ಒಮ್ಮೆ ಹೆಚ್ಚಾಯಿತು. ಕಥೆಯನ್ನು ಕಲಿಯಬಹುದು, ಮಾರುಕಟ್ಟೆಯನ್ನು ಕಲಿತು ಮುಗಿಸಲಾಗದು.

ಇನ್ನು ಕಲಿಸಿದ ಅಧ್ಯಾಯ. ಹಿರಿಯಣ್ಣನ ಮಗಳಾದ ಆನಾ ಎಂಬ ತರುಣಿಯು ೧೮೧೪ರಲ್ಲಿ ತಾನೂ ಒಂದು ಕಾದಂಬರಿಯನ್ನಾರಂಭಿಸಿ, ಬರೆದಷ್ಟನ್ನು ಸೋದರತ್ತೆಗೆ ಕಳುಹಿಸುತ್ತಿದ್ದಳು. ಅತ್ತೆಯ ಉತ್ತರಗಳಲ್ಲಿ ಪ್ರೇಮದ ಸ್ವರೂಪವನ್ನು ಕುರಿತ ಉಪದೇಶವಿಲ್ಲ, ಸ್ಫೂರ್ತಿಯ ಸ್ತುತಿಯಿಲ್ಲ. ಇರುವುದು ಇಂಥ ತಿದ್ದುಪಡಿಗಳು: ಈ ಊರು ಆ ಊರಿಗೆ ನಲವತ್ತು ಮೈಲಿ ದೂರ, ಇಲ್ಲಿಯ ಸುದ್ದಿಯನ್ನು ಅಲ್ಲಿ ಯಾರೂ ಆಡಿಕೊಳ್ಳಲಾರರು, ಪಾತ್ರಗಳು ಐರ್ಲೆಂಡಿಗೆ ಹೋಗಬಹುದು, ಆದರೆ ಅಲ್ಲಿಯ ನಡೆನುಡಿಗಳನ್ನು ಬರೆಯುವವಳು ಅರಿಯಳಾದುದರಿಂದ ಅವರ ಹಿಂದೆ ತಾನು ಹೋಗಕೂಡದು, ಈ ನುಡಿಗಟ್ಟು ಕಾದಂಬರಿಗಳ ಸವಕಲು ನಾಣ್ಯ, ತೆಗೆದುಬಿಡು. ಹಳ್ಳಿಯೊಂದರಲ್ಲಿ ಮೂರು ನಾಲ್ಕು ಮನೆತನಗಳಿದ್ದರೆ ಸಾಕು, ಕೆಲಸ ಮಾಡಲು ಅದೇ ತಕ್ಕ ಕ್ಷೇತ್ರವೆಂದು ಆಕೆಯ ಮತ. ಮೈಲಿಗಳ ಲೆಕ್ಕ ಕ್ಷುದ್ರವೆಂದು ತೋರಬಹುದು. ಆದರೆ ದಾರಿಯ ದೂರದಲ್ಲಿ ಸುಳ್ಳು ಹೇಳಿದವರ ಮಾತನ್ನು ಹೃದಯದ ದೂರದಲ್ಲಿ ವಾಚಕನು ನಂಬುವುದೆಂತು? ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು; ಈ ಪತ್ರಗಳು ಔಚಿತ್ಯವಿಚಾರದ ಮನೆಮಾತಿನ ಭಾಷ್ಯದಂತಿವೆ.

ಇಂಥ ಗುರು ದೊರೆತರೂ ಆನಾಳ ಕಾದಂಬರಿ ಮುಗಿಯಲಿಲ್ಲ. ಅದೇ ವರ್ಷ ಮದುವೆಯಾಯಿತು, ಮಕ್ಕಳಾದರು. ಅತ್ತೆ ತೀರಿಹೋದ ಮೇಲೆ ಬರೆಯುವ ಮನಸ್ಸೂ ಹೋಯಿತು. ಬಹುಕಾಲದ ಅನಂತರ ಹಸ್ತಪ್ರತಿಯನ್ನು ತಾನೇ ಬೆಂಕಿಗೆ ಹಾಕಿದಳು. ಇಲ್ಲಿ ಶಿಕ್ಷಣಕ್ಕೆ ಕೊರತೆಯಿರಲಿಲ್ಲ. ಕೊರತೆಯಾದುದು ಶಕ್ತಿಯೋ ಬಿಡುವೋ ಎಂಬುದನ್ನು ಬೂದಿಯಿಂದ ತಿಳಿಯುವ ಹಾಗಿಲ್ಲ. ನಿರಾಕೃತ ಹಸ್ತಪ್ರತಿಗಳ ಕಥೆಯನ್ನು ಹೇಳುವವರು ಈ ಸುಟ್ಟ ಹಸ್ತಪ್ರತಿಯನ್ನೂ ನೆನೆಯತಕ್ಕದ್ದು.

ಅಭ್ಯಾಸವು ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ 'ಪರ್ಸುಯೇಷನ್' ಕಾದಂಬರಿಯ ಉಪಾಂತ್ಯವೇ ಉತ್ತರ. ಎಂಟು ವರ್ಷಗಳ ಹಿಂದೆ ಮುರಿದ ಪ್ರೇಮವೊಂದು ಮತ್ತೆ ಕೂಡುವ ಸಂದರ್ಭ. ಮೊದಲ ಕರಡಿನಲ್ಲಿ, ಆನ್ ಬೇರೊಬ್ಬನನ್ನು ವರಿಸುವಳೆಂಬ ವದಂತಿಯನ್ನು ನಂಬಿದ ನೌಕಾಧಿಪತಿಯು, ಆಕೆಯ ತಂದೆಯ ಮನೆಯನ್ನು ತಾನು ಬಿಡಬೇಕೇ ಎಂದು ವಿಚಾರಿಸುವಂತೆ ವೆಂಟ್‌ವರ್ತನನ್ನೇ ಕಳುಹಿಸುತ್ತಾನೆ, ಆಕೆ ಇಲ್ಲವೆನ್ನುತ್ತಾಳೆ, ಅಷ್ಟರಿಂದ ಇಬ್ಬರೂ ಒಂದಾಗುತ್ತಾರೆ. ೧೮೧೬ರ ಜುಲೈ ೧೮ರಂದು ಇದಕ್ಕೆ ಮುಕ್ತಾಯ ಬರೆದ ಆಸ್ಟೆನ್‌ಳಿಗೆ ಸಮಾಧಾನವಾಗಲಿಲ್ಲ. ಯಾವ ಪ್ರಕಾಶಕನೂ ತಿದ್ದೆನ್ನಲಿಲ್ಲ. ಅಸ್ವಸ್ಥಳಾಗಿದ್ದರೂ ಮತ್ತೆ ಕುಳಿತು ಆಗಸ್ಟ್ ೬ರೊಳಗೆ ಹೊಸದಾಗಿ ಬರೆದಳು. ಈಗ ಹತ್ತು ಮಂದಿ ಬಂದುಹೋಗುವ ಕೊಠಡಿ. ವೆಂಟ್‌ವರ್ತನು ಮೇಜಿನ ಮುಂದೆ ಗೆಳೆಯನಿಗಾಗಿ ಪತ್ರ ಬರೆಯುತ್ತಿದ್ದಾನೆ. ಆ ಗೆಳೆಯನೊಡನೆ ಆನ್ ಹೆಣ್ಣು ಗಂಡುಗಳಲ್ಲಿ ಯಾರ ಪ್ರೇಮ ಹೆಚ್ಚು ಕಾಲ ನಿಲ್ಲುವುದೆಂದು ವಾದಿಸುತ್ತಿದ್ದಾಳೆ. ಅವನಿಗೆ ಹೇಳಲಾಗದುದನ್ನು ಇನ್ನೊಬ್ಬನಿಗೆ ಹೇಳುತ್ತಿದ್ದಾಳೆ; ಅವನು ಕೇಳಿಸಿಕೊಂಡು, ಬಾಯಿಂದ ಆಡಲಾಗದುದನ್ನು ಇನ್ನೊಂದು ಕಾಗದದಲ್ಲಿ ಬರೆದು ಆಕೆಯ ಮುಂದಿಟ್ಟು ಹೋಗುತ್ತಾನೆ. ಮೊದಲನೆಯದರಲ್ಲಿ ಪರರ ತಪ್ಪುತಿಳಿವಳಿಕೆಯೊಂದು ಪ್ರೇಮಿಗಳನ್ನು ಕೂಡಿಸಿತು. ಎರಡನೆಯದರಲ್ಲಿ ಅವರವರ ಶೀಲವೇ ಕೂಡಿಸಿತು. ಕಥೆಯ ಕೊನೆ ಬದಲಾಗಲಿಲ್ಲ, ವಿವಾಹವು ವಿವಾಹವೇ; ಆದರೆ ಘಟನೆಯಾಗಿದ್ದುದು ರಸವಾಯಿತು. ತ್ಯಜಿಸಿದ ಆ ಎರಡು ಅಧ್ಯಾಯಗಳ ಹಸ್ತಪ್ರತಿಯು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಪ್ರಣಯಕಥೆಯನ್ನು ಕಲಿಯಬಯಸುವವರು ಎರಡು ಪಾಠಗಳನ್ನೂ ಎದುರುಬದುರಿಗಿಟ್ಟು ಓದಿದರೆ ಅನೇಕ ಲಕ್ಷಣಗ್ರಂಥಗಳ ಫಲ ದೊರೆಯುವುದು.

ಇದನ್ನು ಕಂಡ ಮೇಲೆ, ಪ್ರಣಯಕಥೆಗೆ ಕಟ್ಟಳೆಗಳಿರುವುದೇ ದೋಷವೆನ್ನುವವರ ವಾದ ನಿಲ್ಲದು. ೧೯೦೮ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮಿಲ್ಸ್ ಅಂಡ್ ಬೂನ್‌ನಂಥ ಸಂಸ್ಥೆಗಳು ಗ್ರಂಥದ ಪ್ರಮಾಣವಿಷ್ಟು, ಕೊನೆ ಸುಖಾಂತವೇ ಆಗತಕ್ಕದ್ದು ಎಂದು ಬರೆಯುವವರಿಗೆ ಮೊದಲೇ ತಿಳಿಸುವುದುಂಟು. ಆಸ್ಟೆನ್‌ಳ ಆರು ಕಾದಂಬರಿಗಳೂ ವಿವಾಹದಲ್ಲೇ ಮುಗಿಯುತ್ತವೆ. ಷಟ್ಪದಿಯ ಕಟ್ಟು ಕುಮಾರವ್ಯಾಸನಿಗೆ ಸಂಕೋಲೆಯಾಗಲಿಲ್ಲ. ಕಟ್ಟಳೆಯು ಕೊನೆಯನ್ನು ಹೇಳಬಲ್ಲುದು, ಅಲ್ಲಿಗೆ ಹೋಗುವ ದಾರಿಯನ್ನು ಹೇಳಲಾರದು. ಪ್ರಕಾಶಕನು ಬೆಲೆಯನ್ನು ಕಟ್ಟಬಲ್ಲನು. ಗುರುವು ದಾರಿಯ ಮೈಲಿಗಳನ್ನು ತಿದ್ದಬಲ್ಲನು.

ಉಳಿದ ಕೆಲಸವೊಂದುಂಟು. ಅದು ಬರೆದವರ ಒಳಗೇ ಹುಟ್ಟುವ ಅತೃಪ್ತಿ. ಕ್ಯಾಡೆಲ್ಲನ ನಿರಾಕರಣಕ್ಕಿಂತ ಅದು ಕಠಿಣ, ಎಜರ್ಟನ್ನನ ಅಂಗೀಕಾರಕ್ಕಿಂತ ಅದು ಉಪಕಾರಿ. ಹಸ್ತಪ್ರತಿಯು ಹಿಂದಿರುಗಿ ಬಂದ ದಿನ ಮನೆಯ ತರುಣಿಯೋ ತರುಣನೋ ಕುಗ್ಗಿದರೆ, ಹಿರಿಯರು ಪ್ರಕಾಶಕನನ್ನು ಹಳಿಯಲೂ ಬೇಕಿಲ್ಲ, ಬರೆವಣಿಗೆಯನ್ನು ಬಿಡೆನ್ನಲೂ ಬೇಕಿಲ್ಲ. ಕಟ್ಟನ್ನು ಬಿಚ್ಚಿ ಮತ್ತೊಮ್ಮೆ ಓದಲು ಒಂದಿಷ್ಟು ಬಿಡುವನ್ನು ಮಾಡಿಕೊಟ್ಟರೆ ಸಾಕು. ಸ್ಟೀವನ್‌ಟನ್ನಿನ ಪಾದ್ರಿಯ ಮನೆ ತನ್ನ ಮಗಳಿಗೆ ಕೊಟ್ಟುದು ಮುಖ್ಯವಾಗಿ ಅದನ್ನೇ. ಆನಾಳಿಗೆ ದೊರೆಯದೆ ಹೋದುದೂ ಪ್ರಾಯಶಃ ಅದೇ.